‘ಕಾಂಪ್ಲಿಸಿಟಿ’ಗೆ ಶಾಮೀಲು ಸಾಕಾ, ಕುಮ್ಮಕ್ಕು ಸರಿಯಾ?

ಎಲ್ಲರಿಗೂ ಮಡಿಕೇರಿಯಿಂದ ನಮಸ್ಕಾರ. ಇಂಗ್ಲಿಷಿನ ‘ಕಾಂಪ್ಲಿಸಿಟಿ’, ಅಂದರೆ ಬೇರೆಯವರ ಅಪರಾಧಕ್ಕೆ ಗೊತ್ತಿದ್ದೂ ನೆರವಾಗುವುದು, ಅದಕ್ಕೆ ಒಂದು ಕನ್ನಡ ಪದಕ್ಕಾಗಿ ವಾರದಿಂದ ಒದ್ದಾಡುತ್ತಿದ್ದೇನೆ.

ನಾವು ಏಳೆಂಟು ಜನ ಸೇರಿ ಸಂಸದರಿಗೆ ಕೊಡಲು ಒಂದು ಮನವಿ ಬರೆಯುತ್ತಿದ್ದೇವೆ. ಕೇಳುವುದು ಇಷ್ಟೇ. ಹೊರದೇಶಕ್ಕೆ ಆಯುಧ, ಮದ್ದುಗುಂಡು ಕಳಿಸುವ ಮೊದಲು ಅದು ಅಲ್ಲಿ ಯಾರ ಮೇಲೆ ಬೀಳುತ್ತದೆ ಅಂತ ಸರ್ಕಾರ ನೋಡಲೇಬೇಕು, ಮನೆಮಠ ಆಸ್ಪತ್ರೆಗಳ ಮೇಲೆ ಬೀಳುತ್ತದೆ ಅಂತ ಗೊತ್ತಿದ್ದರೆ ಕೊಡಲೇಬಾರದು, ಹಾಗಂತ ಒಂದು ಕಾನೂನು ಬೇಕು. 2013ರ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದದ 6ನೇ ವಿಧಿಯಲ್ಲಿ ಹೆಚ್ಚುಕಡಿಮೆ ಇದೇ ಇದೆ, ಆದರೆ ಭಾರತ ಅದಕ್ಕೆ ಸೇರಿಲ್ಲ. ಇಸ್ರೇಲ್‌ಗೆ ಆಯುಧ ಕಳಿಸುವುದನ್ನು ನಿಲ್ಲಿಸಿ ಅಂತ ಹೋದ ಅರ್ಜಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು, ವಿದೇಶಾಂಗ ನೀತಿ ತನ್ನ ವ್ಯಾಪ್ತಿಗೆ ಬರುವುದಿಲ್ಲ ಅಂತ. ಇನ್ನು ಸಂಸತ್ತನ್ನೇ ಕೇಳಬೇಕು.

ಸಿಕ್ಕಿಹಾಕಿಕೊಂಡದ್ದು ಮೊದಲ ಸಾಲಿನಲ್ಲೇ. ‘ನಮ್ಮ ದೇಶ ಯುದ್ಧಾಪರಾಧಗಳಲ್ಲಿ ಶಾಮೀಲಾಗದಂತೆ ತಡೆಯುವ ಕಾನೂನು’ ಅಂತ ಬರೆದು ಮಾವನಿಗೆ ತೋರಿಸಿದೆ. ಸುಬೇದಾರರಾಗಿ ನಿವೃತ್ತರಾದವರು ಅವರು. ಕಣದಲ್ಲಿ ಕಾಫಿ ಹರವುತ್ತಿದ್ದವರು ಕೈ ಒರೆಸಿಕೊಂಡು ಓದಿದರು. ‘ಶಾಮೀಲು ಅಂದ್ರೆ ಮರಗಳ್ಳರ ಜೊತೆ ಪಾಲು ಹಂಚಿಕೊಂಡ ಹಾಗೆ ಕೇಳುತ್ತೆ. ಪಕ್ಕದ ಮನೆಯವನು ತಮ್ಮನ ಮೇಲೆ ಹಗೆ ಕಟ್ಟಿಕೊಂಡು ಕೂತಿದ್ದಾನೆ ಅಂತ ಗೊತ್ತಿದ್ದೂ ನಿನ್ನ ಕೋವಿ ಕೊಟ್ಟೆ ಅನ್ನು. ನೀನು ಹೇಳಿಕೊಟ್ಟಿಲ್ಲ, ನಿನಗೆ ಪಾಲೂ ಇಲ್ಲ. ಅದಕ್ಕೇನಂತಾರೆ?’ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುವ ಕೋವಿ ಗೋಡೆಯಲ್ಲೇ ಇತ್ತು. ನನಗೆ ಉತ್ತರ ಹೊಳೆಯಲಿಲ್ಲ.

‘ಕುಮ್ಮಕ್ಕು’ ಯೋಚಿಸಿದೆ. ಈಗ ಅದಕ್ಕೆ ಹಿಂದೆ ನಿಂತು ಎತ್ತಿಕಟ್ಟುವುದು ಅಂತ ಅರ್ಥ. ಆದರೆ ಮೂಲದ ‘ಕುಮಕ್’, ತುರ್ಕಿ ಪಾರ್ಸಿ ಕಡೆಯಿಂದ ಬಂದದ್ದು, ಅದರ ಅರ್ಥ ಸುಮ್ನೆ ನೆರವು, ಅದರಲ್ಲೂ ದಂಡಿಗೆ ಬರುವ ನೆರವು. ದುಬಾರೆಯಿಂದ ಕಾಡಾನೆ ಹಿಡಿಯಲು ಹೋಗುವ ಕುಮ್ಕಿ ಆನೆ, ಘಟ್ಟದ ಕೆಳಗಿನವರ ಸಾಗುವಳಿ ಜಮೀನಿಗೆ ನೆರವಾಗಿ ಪಕ್ಕದಲ್ಲಿರುವ ಕುಮ್ಕಿ ಜಾಗ, ಎಲ್ಲ ಅದೇ ಬೇರಿನವು. ಹಳೇ ಅರ್ಥ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ! ಆದರೆ ಓದುವವರು ಇವತ್ತಿನ ಅರ್ಥವನ್ನೇ ಹಿಡಿಯುತ್ತಾರೆ ಅಲ್ವಾ?

ಕೋರ್ಟು ಕಾಗದಗಳ ‘ದುಷ್ಪ್ರೇರಣೆ’ಯಲ್ಲೂ ಅದೇ ತೊಡಕು, ಪ್ರೇರಣೆ ಅಂದಕೂಡಲೇ ಹುರಿದುಂಬಿಸಿದ ಹಾಗಾಗುತ್ತದೆ. ‘ಸಹಭಾಗಿತ್ವ’ ಬೇಡವೇ ಬೇಡ, ಅದು ಶಾಲೆಯ ವಾರ್ಷಿಕೋತ್ಸವದ ಮಾತು.

ನನಗೆ ಬೇಕಾದ ಪದದಲ್ಲಿ ಎರಡು ಇರಬೇಕು: ಗೊತ್ತಿರುವುದು, ನೆರವಾಗುವುದು. ಗೊತ್ತಿರುವುದು ಯಾಕೆ ಮುಖ್ಯ ಅಂದರೆ, ಬೋಸ್ನಿಯಾದಲ್ಲಿ ಸೆರ್ಬ್ ಪಡೆ ನಡೆಸಿದ 1995ರ ಸ್ರೆಬ್ರೆನಿಕಾ ಹತ್ಯಾಕಾಂಡದ ವಿಷಯದಲ್ಲಿ 2007ರಲ್ಲಿ ತೀರ್ಪು ಕೊಟ್ಟ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಆ ಪಡೆಗೆ ನೆರವು ಕೊಡುವಾಗ ಸೆರ್ಬಿಯಾಕ್ಕೆ ಅದರ ಜನಾಂಗನಾಶದ ಉದ್ದೇಶ ಸ್ಪಷ್ಟವಾಗಿ ತಿಳಿದಿತ್ತು ಅಂತ ಸಾಬೀತಾಗಿಲ್ಲ ಎಂದು ಸೆರ್ಬಿಯಾವನ್ನು ಕಾಂಪ್ಲಿಸಿಟಿಯ ಆರೋಪದಿಂದ ಬಿಟ್ಟಿತು. ತಡೆಯಲಿಲ್ಲ, ತಪ್ಪಿತಸ್ಥರನ್ನು ಶಿಕ್ಷಿಸಲು ಸಹಕರಿಸಲಿಲ್ಲ ಅನ್ನುವಂಥ ತಪ್ಪುಗಳು ಉಳಿದವು. ಎಂಟು ಸಾವಿರದಷ್ಟು ಗಂಡಸರು, ಹುಡುಗರು ಸತ್ತ ಜಾಗ ಅದು. ‘ತಿಳಿದಿತ್ತಾ’ ಅನ್ನುವ ಒಂದು ಮಾತಿನ ಮೇಲೆ ಇಷ್ಟೆಲ್ಲ ನಿಂತಿರುವಾಗ ನಮ್ಮ ಪದ ಅದನ್ನು ಬಿಟ್ಟುಕೊಡಬಾರದು.

ಸದ್ಯಕ್ಕೆ ‘ತಿಳಿದೂ ಕೈಜೋಡಿಸದಂತೆ’ ಅಂತ ಹಾಕಿದ್ದೇನೆ. ಮಾವ ಒಪ್ಪಿದರು, ನನಗೆ ಅರ್ಧ ಸಮಾಧಾನ. ಅರೆಭಾಷೆಯಲ್ಲೋ ತುಳುವಿನಲ್ಲೋ ಧಾರವಾಡದ ಕಡೆ ಮಾತಿನಲ್ಲೋ ಇದಕ್ಕೆ ಒಂದೇ ಪದ ಇದೆಯಾ? ಸೋಮವಾರ ಮನವಿ ಅಚ್ಚಿಗೆ ಹೋಗುತ್ತದೆ, ಅಷ್ಟರಲ್ಲಿ ತಿಳಿಸಿ.