ಮೆಟ್ರೊನಿಡಜೋಲ್ ಡಿಸ್ಕ್ ಸುತ್ತ ವಲಯವೇ ಬಿದ್ದಿಲ್ಲ

ಪ್ರಶ್ನೆ (ಮಡಿಕೇರಿ): ಹೊಟ್ಟೆಯ ಕೀವಿನಲ್ಲಿ ಗಾಳಿಯಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಬೆಳೆದಿದೆ. ಮೆಟ್ರೊನಿಡಜೋಲ್ ಆಂಟಿಬಯೋಟಿಕ್‌ನ 5 ಮೈಕ್ರೊಗ್ರಾಂ ಕಾಗದದ ಡಿಸ್ಕ್‌ಗೆ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವಲಯವಿಲ್ಲ, ಜೆಂಟಾಮೈಸಿನ್‌ಗೂ ಜಗ್ಗಿಲ್ಲ. ರೆಸಿಸ್ಟೆಂಟ್ (ಔಷಧಿಗೆ ಬಗ್ಗದ್ದು) ಅಂತ ವರದಿ ಕೊಡಲೇ?

ಉತ್ತರ 1: ಈಗಲೇ ಕೊಡಬೇಡಿ ಸರ್. ಜೆಂಟಾಮೈಸಿನ್ ಲೆಕ್ಕಕ್ಕೇ ಇಲ್ಲ. ಆಮ್ಲಜನಕದ ಉಸಿರಾಟವಿಲ್ಲದ ಕೋಶದೊಳಗೆ ಅದು ಹೋಗುವುದೇ ಇಲ್ಲ. ಮೆಟ್ರೊನಿಡಜೋಲ್ ಗಾಳಿಯಿಲ್ಲದಾಗ ಮಾತ್ರ ಚುರುಕಾಗುತ್ತದೆ. ಮೊದಲು ಪ್ಲೇಟ್‌ಗಳನ್ನು ಗಾಳಿಯಿಲ್ಲದೆ ಇಡುವ ಜಾರ್‌ನ ಮುಚ್ಚಳದ ರಬ್ಬರ್ ರಿಂಗ್ ಬಿರುಕು ಬಿಟ್ಟಿದೆಯಾ ನೋಡಿ. ಒಳಗೆ ಆಮ್ಲಜನಕವಿದೆಯಾ ತೋರಿಸುವ ರೆಸಾಜುರಿನ್ ಪಟ್ಟಿ ಗುಲಾಬಿಯಾಗಿದ್ದರೆ ಗಾಳಿ ನುಗ್ಗಿದೆ ಎಂದೇ ಅರ್ಥ. ಡಿಸ್ಕ್ ಇಟ್ಟ 15 ನಿಮಿಷದೊಳಗೆ ಜಾರ್‌ಗೆ ಹಾಕಿ.

ಉತ್ತರ 2: ಅದೇ ಜಾರ್‌ನಲ್ಲಿ ಕಂಟ್ರೋಲ್ ಆಗಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಡಿಎಸ್‌ಎಂ 25589 (ಔಷಧಿಗೆ ಬಗ್ಗುವುದು ಗೊತ್ತಿರುವ ತಳಿ) ಇಡಿ. ಅದಕ್ಕೂ ವಲಯ ಕುಗ್ಗಿದರೆ ತಪ್ಪು ಜಾರ್‌ನದು. ನಮ್ಮ ಮಳೆಗಾಲದಲ್ಲಿ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ನೀರು ನಿಲ್ಲುತ್ತದೆ, ಪ್ಲೇಟ್ ಒಣಗಿಸಿಯೇ ಬಳಸಿ. ಕಂಟ್ರೋಲ್ ಸರಿಯಿದ್ದೂ ವಲಯ ಬರದಿದ್ದರೆ ಮೆಟ್ರೊನಿಡಜೋಲ್‌ಗೆ ಪ್ರತಿರೋಧ ಕೊಡುವ ನಿಮ್ (nim) ಜೀನ್ ಇದೆಯಾ ಎಂದು ಪಿಸಿಆರ್ (ಜೀನ್ ಪತ್ತೆ ಪರೀಕ್ಷೆ) ಮಾಡಿಸಿ.