ಸಹಾಯ ಬೇಕು: 2004ರ ಓಮ್ನಿಗೆ ಹಿಂದಿನ ಲೀಫ್ ಸ್ಪ್ರಿಂಗ್

ನಮಸ್ಕಾರ. ನಮ್ಮೂರು ಶಿರಸಿ ಹತ್ತಿರ. ಮನೆಯ ಹಳೇ ಮಾರುತಿ ಓಮ್ನಿಗೆ ಹಿಂದಿನ ಎರಡೂ ಲೀಫ್ ಸ್ಪ್ರಿಂಗ್ (ಗಾಡಿಯ ಭಾರ ಹೊರುವ ಉಕ್ಕಿನ ಪ್ಲೇಟುಗಳ ಕಟ್ಟು) ಬೇಕಾಗಿವೆ. ಅಡಿಕೆ ಚೀಲ ಹೇರಿ ಹೇರಿ ಪ್ಲೇಟುಗಳು ಚಪ್ಪಟೆಯಾಗಿವೆ. ಎಡಗಡೆ ಒಂದು ತುಂಡೇ ಆಗಿದೆ, ಗಾಡಿ ವಾಲಿ ನಿಲ್ಲುತ್ತದೆ. ಅಮ್ಮನನ್ನು ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿಯಲು ಭಯವಾಗುತ್ತಿದೆ.

ಓಮ್ನಿ ತಯಾರಿಕೆ 2019ರಲ್ಲೇ ನಿಂತಿತು. ಇಲ್ಲಿ ಮುಂದಿನ ಕಾಯಿಲ್ ಸ್ಪ್ರಿಂಗ್ ಸಿಕ್ಕಿತು, ಹಿಂದಿನದ್ದು ಸಿಗಲಿಲ್ಲ. ಹಳೆಯದನ್ನೇ ಕಾಯಿಸಿ ಬಗ್ಗಿಸಿ ಕೊಡುತ್ತೇನೆ ಅಂದರು ಒಬ್ಬರು. ಸರಿಯಾಗಿ ಹದ ಕೊಡದಿದ್ದರೆ ಉಕ್ಕು ಮತ್ತೆ ಕುಸಿಯುತ್ತದೆ ಅಲ್ವಾ? ಒಂದು ಪ್ಲೇಟು ಜಾಸ್ತಿ ಹಾಕಿಸಿದರೆ ಖಾಲಿ ಗಾಡಿ ಕುಲುಕುತ್ತದೆ, ಅದು ಬೇಡ.

ಕಾರವಾರ, ಕುಮಟಾ ಅಥವಾ ಹುಬ್ಬಳ್ಳಿಯಲ್ಲಿ ಹೊಸ ಸೆಟ್ಟು ಸಿಗುವ ಅಂಗಡಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸ್ಪ್ರಿಂಗ್ ಕೂರಿಸಲು ಬುಷ್, ಯು-ಬೋಲ್ಟ್ ಕೂಡ ಬೇಕು. ಅಪ್ಪ ತಂದ ಗಾಡಿ, ಮಾರಲು ಮನಸ್ಸಿಲ್ಲ.