ಪದಚರ್ಚೆ: ಕೀಲಿನ ಮೃದ್ವಸ್ಥಿ ‘ಗುಣವಾಯಿತು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಒಂದು ಅಂಗಾಂಶ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು ನಾನು. ಹಾನಿಗೊಂಡ ಮೊಣಕಾಲಿನ ಮೃದ್ವಸ್ಥಿ ಚಿಕಿತ್ಸೆಯ ನಂತರ ಎಷ್ಟು ಸರಿಹೋಗಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆಯುವ ಬಗೆಯನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ‘ಮೃದ್ವಸ್ಥಿ’ ಎಂಬ ಪದದ ಮೇಲೆ ನನಗೆ ತಕರಾರಿಲ್ಲ. ಅರ್ಥವಾಗದವರಿಗೆ ಕೋಳಿಕಾಲಿನ ಗಂಟಿನಲ್ಲಿ ಹಲ್ಲಿಗೆ ಕರಕರ ಎನ್ನುವ ಬಿಳಿಯ ಭಾಗ ಎಂದರೆ ಸಾಕು. ಲೇಖನಿ ನಿಂತಿರುವುದು ಕ್ರಿಯಾಪದದ ಬಳಿ.

ಗಾಯ ಮಾಯುತ್ತದೆ, ಮೂಳೆ ಕೂಡಿಕೊಳ್ಳುತ್ತದೆ, ಜ್ವರ ಬಿಡುತ್ತದೆ. ನಮ್ಮ ಕರಾವಳಿಯಲ್ಲಾದರೆ ಇವೆಲ್ಲವೂ ‘ಗುಣ’ ಆಗುತ್ತವೆ. ಕೀಲಿನ ಮೃದ್ವಸ್ಥಿಗೆ ಇವು ಯಾವುವೂ ಒಪ್ಪುವುದಿಲ್ಲ. ಅದರಲ್ಲಿ ರಕ್ತನಾಳಗಳೇ ಇಲ್ಲ; ಒಮ್ಮೆ ನಾಶವಾದರೆ ಮರಳಿ ಬರುವುದಿಲ್ಲ ಎಂದು ಅಂಗರಚನಾ ತಜ್ಞ ವಿಲಿಯಂ ಹಂಟರ್ 1743ರಲ್ಲೇ ಹೇಳಿದ್ದ. ಈಗ ಶಸ್ತ್ರಚಿಕಿತ್ಸಕರು ಅಡಿಯ ಮೂಳೆಗೆ ಸಣ್ಣ ಸಣ್ಣ ರಂಧ್ರ ಕೊರೆದು ಮಜ್ಜೆಯ ಕೋಶಗಳು ಮೇಲೆ ಬರುವಂತೆ ಮಾಡುತ್ತಾರೆ. ಕುಳಿ ತುಂಬಿಕೊಳ್ಳುತ್ತದೆ. ತುಂಬಿಕೊಂಡದ್ದು ಏನು ಎಂಬುದನ್ನು ಸ್ಲೈಡೇ, ಅಂದರೆ ಗಾಜಿನ ಪಟ್ಟಿಯ ಮೇಲಿಟ್ಟ ಅಂಗಾಂಶದ ತೆಳು ಪದರವೇ, ಹೇಳಬೇಕು.

ಸಫ್ರಾನಿನ್-ಒ (ಕೆಂಪು) ಮತ್ತು ಫಾಸ್ಟ್ ಗ್ರೀನ್ (ಹಸಿರು) ಬಣ್ಣ ಹಾಕಿದ ಸ್ಲೈಡಿನಲ್ಲಿ ಆರೋಗ್ಯವಂತ ಮೃದ್ವಸ್ಥಿ ಕೆಂಪಗೆ ಕಾಣುತ್ತದೆ. ನೀರು ಹಿಡಿದಿಡುವ ಪ್ರೋಟಿಯೋಗ್ಲೈಕನ್ ಆ ಬಣ್ಣವನ್ನು ಹಿಡಿಯುತ್ತದೆ. ಆಳದ ಪದರದಲ್ಲಿ ಕೋಶಗಳು ಒಂದರ ಮೇಲೊಂದು ಕಂಬ ಕಟ್ಟಿ ನಿಂತಿರುತ್ತವೆ. ಅದೇ ಸ್ಲೈಡನ್ನು ಸ್ವಲ್ಪ ಸರಿಸಿ ಕುಳಿಯಿದ್ದ ಜಾಗಕ್ಕೆ ಬಂದರೆ ಅನೇಕ ಬಾರಿ ಕೆಂಪು ಮಾಸಿ ಹಸಿರು ಎದ್ದು ಕಾಣುತ್ತದೆ: ನಾರುನಾರಾದ ಅಂಗಾಂಶ, ಕದಿರಿನಂತೆ ಉದ್ದನೆಯ ಕೋಶಗಳು. ಅಂಗಾಂಶಕ್ಕೆ ಬಲ ಕೊಡುವ ನಾರಿನ ಪ್ರೋಟೀನು ಕೊಲಾಜೆನ್; ಅದರ ಎರಡನೆಯ ಬಗೆ ಇರಬೇಕಾದಲ್ಲಿ ಒಂದನೆಯ ಬಗೆಯದು ಹೆಚ್ಚಾಗಿರುತ್ತದೆ. ಪಕ್ಕದ ಹಳೆಯ ಮೃದ್ವಸ್ಥಿಯೊಂದಿಗೆ ಇದು ಬೆಸೆದುಕೊಂಡಿದೆಯೋ, ನಡುವೆ ಸೀಳು ಉಳಿದಿದೆಯೋ ಎಂದೂ ನೋಡುತ್ತೇವೆ.

ಇದನ್ನು ‘ತೇಪೆ’ ಎನ್ನೋಣವೆಂದು ನನಗೆ ಅನಿಸುತ್ತದೆ. ಮೊದಲಿನಂಥ ಮೃದ್ವಸ್ಥಿಯೇ ಬೆಳೆದಿದ್ದರೆ ‘ಮರುಹುಟ್ಟು’. ಉಡುಪಿಯ ಗೆಳೆಯರೊಬ್ಬರು ತೇಪೆ ಎಂದರೆ ಚಿಕಿತ್ಸೆಯನ್ನು ಹೀಗಳೆದಂತಾಗುತ್ತದೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ತೇಪೆ ಹಾಕಿದ ಬಟ್ಟೆಯನ್ನು ಉಡುತ್ತೇವೆ. ನಾರಿನ ಅಂಗಾಂಶದ ಮೇಲೆಯೂ ನೋವು ತಗ್ಗಿ ನಡೆದಾಡುವವರಿದ್ದಾರೆ. ‘ದುರಸ್ತಿ’ ಎಂದರೆ ಮಾತ್ರ ಏನನ್ನೂ ಹೇಳಿದಂತಾಗುವುದಿಲ್ಲ, ಎರಡಕ್ಕೂ ಸಲ್ಲುತ್ತದೆ.

ಇನ್ನೊಂದು ತೊಡಕು, ಸ್ಲೈಡ್ ನೋಡಿ ಅಂಗಾಂಶಕ್ಕೆ ಕೊಡುವ ‘ಅಂಕ’. (ಕೋಳಿ ಅಂಕದ ನಾಡಿನಲ್ಲಿ ಕುಳಿತು ಈ ಪದ ಬರೆಯುವಾಗ ನಗು ಬರುತ್ತದೆ, ಇರಲಿ.) ಸರಿಹೋದ ಅಂಗಾಂಶವನ್ನು ಅಳೆಯುವ ಓಡ್ರಿಸ್ಕಲ್ ಪದ್ಧತಿಯಲ್ಲಿ ಗರಿಷ್ಠ 24, ಹೆಚ್ಚಿದಷ್ಟೂ ಒಳ್ಳೆಯದು. 1971ರ ಮ್ಯಾಂಕಿನ್ ಪದ್ಧತಿಯಲ್ಲಿ 0 ಎಂದರೆ ಆರೋಗ್ಯ, 14 ಎಂದರೆ ತೀರ ಹಾಳಾದದ್ದು. ಅದು ಸವೆತವನ್ನು ಅಳೆಯಲು ಹುಟ್ಟಿದ ಪದ್ಧತಿ. ಎರಡಕ್ಕೂ ‘ಅಂಕ’ ಎಂದು ಬರೆದರೆ ಪರೀಕ್ಷೆಯ ಅಂಕಪಟ್ಟಿ ನೋಡಿ ಬೆಳೆದ ನಮ್ಮ ಓದುಗರು ಮ್ಯಾಂಕಿನ್ 12 ಬಂದವನನ್ನು ಅಭಿನಂದಿಸುತ್ತಾರೆ. ಎರಡನೆಯದಕ್ಕೆ ‘ದೋಷಾಂಕ’ ಎನ್ನಬಹುದೇ?

ಕುಳಿ ತುಂಬಿತು, ಆದರೆ ತುಂಬಿದ್ದು ಮೊದಲಿನದಲ್ಲ ಎಂಬುದನ್ನು ಒಂದೇ ಮಾತಿನಲ್ಲಿ ಹೇಳುವ ಪದ ಕುಂದಾಪುರದ ಕಡೆಯ ಕನ್ನಡದಲ್ಲೋ, ತುಳುವಿನಲ್ಲೋ, ಕೊಂಕಣಿಯಲ್ಲೋ ಇದ್ದರೆ ದಯವಿಟ್ಟು ತಿಳಿಸಿ. ಸಂಸ್ಕೃತ ಸಮಾಸಗಳು ನನ್ನ ಬಳಿ ಬೇಕಾದಷ್ಟಿವೆ.